ಜಾತಿನಾಯಿ

ನಮ್ಮ ಮನೆಯಲ್ಲಿ ಎರಡು ನಾಯಿಗಳಿವೆ. ಒಂದರ ಹೆಸರು ಬ್ರೂನೋ, ಇನ್ನೊಂದರ ಹೆಸರು ಕರಿಯ. ಬ್ರೂನೋ ಬಂದದ್ದು ಬೆಂಗಳೂರಿನಿಂದ, ಕಾರಿನ ಮುಂದಿನ ಆಸನದಲ್ಲಿ ಕುಳಿತು, ಕಿಟಕಿಯಿಂದ ತಲೆ ಹೊರಗೆ ಹಾಕಿ, ಚುನಾವಣೆಗೆ ನಿಂತವರ ಹಾಗೆ ಊರನ್ನೆಲ್ಲ ನೋಡುತ್ತ. ಕರಿಯ ಎಲ್ಲಿಂದ ಬಂದಿತೆಂಬುದನ್ನು ಬಲ್ಲವರಿಲ್ಲ. ಒಂದು ಆಷಾಢದ ಬೆಳಗ್ಗೆ ಕೊಟ್ಟಿಗೆಯ ಹುಲ್ಲಿನ ಮೇಲೆ ನೆನೆದು ನಡುಗುತ್ತ ಬಿದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ಮನೆಯದಾಗಿತ್ತು.

ಅಜ್ಜಂಪುರದಿಂದ ತರೀಕೆರೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ವಾಸವಾಗಿರುವ, ನಿವೃತ್ತ ಉಪಾಧ್ಯಾಯರಾದ ನಾವು ಈ ಎರಡು ನಾಯಿಗಳ ನಡುವೆ ನಮ್ಮ ಇಳಿವಯಸ್ಸಿನಲ್ಲಿ ಒಂದು ಪಾಠ ಕಲಿತೆವು. ಅದನ್ನು ಓದುಗ ಬಂಧುಗಳ ಮುಂದಿಡಬೇಕೆಂದು ಈ ಬರಹ. ನಗು ಬರುವ ಕಡೆ ತಾವು ನಗಬಹುದು, ನಾವೂ ನಕ್ಕಿದ್ದೇವೆ. ನಗು ನಿಂತುಹೋದ ಒಂದು ಘಳಿಗೆಯೂ ಇದೆ.

ನಾಯಿಯ ಒಡನಾಟ ನಮಗೆ ಹೊಸದಲ್ಲ. ನಾವು ಬೆಳೆದದ್ದು ಮಠದ ಪಾಠಶಾಲೆಯಲ್ಲಿ. ದಾಸೋಹದ ಪಂಕ್ತಿ ಎದ್ದ ಮೇಲೆ ಎಲೆಗಳನ್ನು ಹಿತ್ತಲಿಗೆ ಹಾಕುವ ಸರದಿ ಕಿರಿಯ ವಿದ್ಯಾರ್ಥಿಗಳದು. ಪ್ರಸಾದದ ಗಂಟೆ ನಮ್ಮ ಕಿವಿಗೆ ಬೀಳುವ ಮುನ್ನವೇ ಊರ ನಾಯಿಗಳು ಹಿತ್ತಲ ಗೋಡೆಯ ಬಳಿ ಸಾಲಾಗಿ ಕುಳಿತಿರುತ್ತಿದ್ದವು. ವ್ಯಾಕರಣದ ಪಾಠಕ್ಕೆ ತಡವಾಗಿ ಬರುತ್ತಿದ್ದ ನಮಗೆ ಅವುಗಳ ಸಮಯಪಾಲನೆಯನ್ನು ತೋರಿಸಿ ಗುರುಗಳು ನಾಚಿಸುತ್ತಿದ್ದರು. ಕಾಯುವ ಆ ಜೀವಗಳಿಗೆ ಪ್ರತಿ ಎಲೆಯಲ್ಲಿಯೂ ಒಂದು ತುತ್ತು ಮಿಗಬೇಕೆಂಬುದು ಅಲ್ಲಿನ ಬರೆಯದ ಕಟ್ಟಳೆಯಾಗಿತ್ತು. ಆ ಒಂದು ತುತ್ತನ್ನೇ ನಾವು ದಯೆಯೆಂದು ತಿಳಿದು ಐವತ್ತು ವರ್ಷ ಕಳೆದೆವು.

ಇನ್ನು ಬ್ರೂನೋವಿನ ವಿಷಯ. ಅದು ಲ್ಯಾಬ್ರಡಾರ್ ಎಂಬ ತಳಿ. 2020ರ ಲಾಕ್‌ಡೌನ್ ಕಾಲದಲ್ಲಿ ಮಗ, ಸೊಸೆ, ಮೊಮ್ಮಗ ಊರಿಗೆ ಬಂದಾಗ ಅವರೊಡನೆ ಬಂದಿತು. ಅವರು ಹಿಂದಿರುಗುವಾಗ, “ಅಪ್ಪಾಜಿ, ಅಪಾರ್ಟ್‌ಮೆಂಟಿನಲ್ಲಿ ಇದಕ್ಕೆ ಕಷ್ಟ, ಇಲ್ಲೇ ಇರಲಿ” ಎಂದು ಬಿಟ್ಟುಹೋದರು. ಜೊತೆಯಲ್ಲಿ ಒಂದು ಚೀಲ ಒಣ ಆಹಾರ, ಮಲಗಲು ಮೆತ್ತೆ, ಬಾಚಣಿಗೆ, ಶಾಂಪೂ ಮತ್ತು ಲಸಿಕೆಯ ದಿನಾಂಕಗಳನ್ನು ಬರೆದ ಒಂದು ಪುಟ್ಟ ಪುಸ್ತಕ. ನಮ್ಮ ವಿದ್ವತ್ ಪರೀಕ್ಷೆಯ ಪ್ರಮಾಣಪತ್ರದಲ್ಲಿಯೂ ಅಷ್ಟು ಮೊಹರುಗಳಿಲ್ಲ.

ನಮ್ಮ ಮನೆಯವರ ನಾಲಗೆಗೆ ಬ್ರೂನೋ ಎಂಬುದು ಹೊರಳಲಿಲ್ಲ. ಎರಡೇ ದಿನಗಳಲ್ಲಿ ಅದು ‘ಬೂರಣ್ಣ’ ಆಯಿತು. ಹದಿನೈದು ದಿನಗಳಲ್ಲಿ ಚೀಲದ ಆಹಾರ ಮುಗಿಯಿತು. ಮಜ್ಜಿಗೆಯಲ್ಲಿ ಕಿವುಚಿದ ರಾಗಿಮುದ್ದೆಯನ್ನು ಮುಂದಿಟ್ಟರೆ ಬೂರಣ್ಣ ಮೊದಲ ದಿನ ಮೂಸಿ ಮುಖ ತಿರುಗಿಸಿತು, ಎರಡನೆಯ ದಿನ ಸತ್ಯಾಗ್ರಹ ಹೂಡಿತು, ಮೂರನೆಯ ದಿನ ತಟ್ಟೆಯನ್ನು ಬೆಳಗುವಂತೆ ನೆಕ್ಕಿತು. ಅಜ್ಜಂಪುರ ಸೀಮೆಯ ರಾಗಿಯ ಮುಂದೆ ಯಾವ ದೇಶದ ತಳಿಯ ಹಠ ನಿಂತೀತು?

ಮನೆಯಲ್ಲಿ ನಾವೆಲ್ಲ ಸಸ್ಯಾಹಾರಿಗಳು. ಆದ್ದರಿಂದ ನಾಯಿಗಳೂ ಸಸ್ಯಾಹಾರಿಗಳೆಂದು ನಮ್ಮ ನಂಬಿಕೆ. ಕರಿಯ ಈ ನಂಬಿಕೆಯನ್ನು ಗೌರವಿಸುತ್ತಿತ್ತು. ಭಾನುವಾರ ಮಧ್ಯಾಹ್ನ ಸದ್ದಿಲ್ಲದೆ ಕೆಳಗಿನ ಕೇರಿಗೆ ಹೋಗಿ, ಸಂಜೆ ತುಟಿ ಸವರಿಕೊಳ್ಳುತ್ತ ಬಂದು, ನಾವು ಇಷ್ಟಲಿಂಗಪೂಜೆಗೆ ಕುಳಿತಾಗ ಬಾಗಿಲಾಚೆ ಕಣ್ಣು ಅರೆಮುಚ್ಚಿ ಮಹಾನುಭಾವಿಯಂತೆ ಕುಳಿತಿರುತ್ತಿತ್ತು. ಇದನ್ನು ಕುರಿತು ನಾವು ಹೆಚ್ಚು ಹೇಳಲಾರೆವು. ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಹಾಗೆ ಕುಳಿತವರನ್ನು ನಾವು ಕಂಡಿದ್ದೇವೆ.

ಮನೆಗೆ ಬಂದವರೆಲ್ಲ ಬೂರಣ್ಣನನ್ನು ನೋಡಿ, “ಇದು ಜಾತಿನಾಯಿ ಅಲ್ವಾ ಮೇಷ್ಟ್ರೇ? ಎಷ್ಟು ಬಿತ್ತು?” ಎಂದು ಕೇಳುತ್ತಿದ್ದರು. ಕರಿಯನನ್ನು ತೋರಿಸಿ, “ಅದು?” ಎಂದರೆ, “ಅದಾ, ಅದು ಸುಮ್ಮನೆ ನಾಯಿ” ಎಂದು ನಾವೇ ಹೇಳುತ್ತಿದ್ದೆವು. ಹೀಗೆ ಬೂರಣ್ಣನಿಗೆ ನಡುಮನೆಯ ಮೆತ್ತೆ, ಕರಿಯನಿಗೆ ಕೊಟ್ಟಿಗೆಯ ಗೋಣಿ. ಬೂರಣ್ಣನಿಗೆ ತಟ್ಟೆ, ಕರಿಯನಿಗೆ ಒಡೆದ ಮಡಕೆಯ ತಳ. ಬೂರಣ್ಣನ ಪುಸ್ತಕವನ್ನು ನೋಡಿಕೊಂಡು ಮಗ ಪ್ರತಿವರ್ಷ ಫೋನು ಮಾಡಿ, ಲಸಿಕೆಯ ದಿನ ಬಂದಿತೆಂದು ನೆನಪಿಸುತ್ತಿದ್ದ. ಕರಿಯನಿಗೆ ಪುಸ್ತಕವೇ ಇಲ್ಲದ ಕಾರಣ ಯಾವ ದಿನವೂ ಬರುತ್ತಿರಲಿಲ್ಲ.

ತಳಿಯ ಅಭಿಮಾನ ನಮ್ಮ ಸೀಮೆಗೆ ಹೊಸದೇನಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡು, ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎಂಬ ಹೆಸರು ಪಡೆದ ರಾಸುಗಳ ಸಂವರ್ಧನ ಕೇಂದ್ರ ಅಜ್ಜಂಪುರದಲ್ಲಿಯೇ ಇದೆ. ನಾಯಿಗಳಲ್ಲಿ ಮುಧೋಳದ ಬೇಟೆನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವವೂ ದೊರೆಯಿತು. ಅಂಚೆಯವರನ್ನು ಕಂಡರೆ ಬೊಗಳುವ ಕುಲಕ್ಕೆ ಅಂಚೆ ಇಲಾಖೆಯೇ ಸಲ್ಲಿಸಿದ ಸನ್ಮಾನವದು.

ಆದರೆ ನಮ್ಮ ನಾಡು ನಾಯಿಯನ್ನು ತಳಿಯಿಂದಷ್ಟೇ ಅಳೆದಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ವೀರಗಲ್ಲನ್ನು ಬಲ್ಲವರು ಬಲ್ಲರು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗನು ಬೇಕಾದುದನ್ನು ಕೇಳೆಂದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಒಂದು ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು, ತಾನೂ ಮಡಿಯಿತು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಅಲ್ಲಿನ ಗೊರವನಿಗೆ ಪಾಪವೆಂದು ಶಾಸನ ಬರೆಸಿದರು. ನಮ್ಮ ಕಡೂರು ತಾಲ್ಲೂಕಿನ ಬೀರೂರಿನಲ್ಲಿ ಮೈಲಾರಲಿಂಗನ ಕಾರಣಿಕಕ್ಕೆ ಇಂದಿಗೂ ಜನ ನೆರೆಯುತ್ತಾರೆ. ಆ ಮೈಲಾರನ ಭಕ್ತರಾದ ಗೊರವರು ತಾವು ದೇವರ ನಾಯಿಗಳೆಂದೇ ಭಾವಿಸಿ, ಬೊಗಳುತ್ತ ದೋಣಿಯ ಪ್ರಸಾದಕ್ಕೆ ಬಾಯಿ ಹಾಕುವ ಸೇವೆ ಮಾಡುತ್ತಾರೆ. ನಮ್ಮ ಶರಣ ಪರಂಪರೆಯಲ್ಲಿಯೂ ಹಾವಿನಹಾಳ ಕಲ್ಲಯ್ಯನು ನಾಯಿಯಿಂದ ವೇದ ಓದಿಸಿದ ಕಥೆಯುಂಟು. ಹುಟ್ಟಿನ ಹೆಮ್ಮೆಯಿಂದ ಬೀಗಿದವರಿಗೆ ಅದು ಉತ್ತರವಾಗಿತ್ತು. ಈ ಕಥೆಯನ್ನು ನಾವು ಎಷ್ಟು ವೇದಿಕೆಗಳಲ್ಲಿ ಹೇಳಿದ್ದೇವೆಂಬುದಕ್ಕೆ ಲೆಕ್ಕವಿಲ್ಲ. ಹೇಳಿ ಮನೆಗೆ ಬಂದಾಗಲೆಲ್ಲ ಕರಿಯ ಗೋಣಿಯ ಮೇಲೆಯೇ ಇರುತ್ತಿತ್ತು.

ಕಳೆದ ಕಾರ್ತಿಕದ ಮಾತು. ನವೆಂಬರ್ ಬಂದರೆ ನಿವೃತ್ತರು ತಾವು ಬದುಕಿದ್ದೇವೆಂದು ಸರ್ಕಾರಕ್ಕೆ ರುಜುವಾತು ಮಾಡಬೇಕು. ಇದಕ್ಕೆ ಜೀವನ ಪ್ರಮಾಣಪತ್ರವೆಂದು ಹೆಸರು. ತರೀಕೆರೆಗೆ ಹೋಗಿ ಯಂತ್ರದ ಮೇಲೆ ಬೆರಳಿಟ್ಟೆವು. ಸೀಮೆಸುಣ್ಣ ಹಿಡಿದು, ಪುಟ ತಿರುವಿ, ವಿಭೂತಿ ಧರಿಸಿ ಸವೆದ ನಮ್ಮ ಬೆರಳುಗಳಲ್ಲಿ ಅದಕ್ಕೆ ಗೆರೆಗಳೇ ಕಾಣಲಿಲ್ಲ. ಹತ್ತೂ ಬೆರಳು ಇಟ್ಟರೂ ನಾವು ನಾವಲ್ಲವೆಂದೇ ಅದು ಹೇಳಿತು. ನಾನು ಯಾರೆಂಬ ಪ್ರಶ್ನೆಗೆ ಪಾಠಶಾಲೆಯಲ್ಲಿ ಹನ್ನೆರಡು ವರ್ಷ ಉತ್ತರ ಹುಡುಕಿದ್ದೆವು. ಯಂತ್ರ ಮೂರು ನಿಮಿಷಗಳಲ್ಲಿ ಮುಗಿಸಿಬಿಟ್ಟಿತು.

ಕೊನೆಗೆ ಮನೆಯಲ್ಲಿಯೇ ಮೊಬೈಲಿಗೆ ಮುಖ ತೋರಿಸಿದರೆ ಸಾಕೆಂದು ಮೊಮ್ಮಗ ಫೋನಿನಲ್ಲಿ ಹೇಳಿಕೊಟ್ಟ. ಅಂಗಳದ ಬೆಳಕಿನಲ್ಲಿ ಕುಳಿತು, ಕಣ್ಣು ಮಿಟುಕಿಸಬೇಕೆಂದಾಗ ಮಿಟುಕಿಸಿದೆವು. ಅದೇ ಕ್ಷಣದಲ್ಲಿ ನಮ್ಮ ಭುಜದ ಮೇಲಿಂದ ಕರಿಯ ಮುಖ ತೂರಿಸಿ ತಾನೂ ಕಣ್ಣು ಮಿಟುಕಿಸಿತು. “ಏನೂಂದ್ರೆ, ಪಿಂಚಣಿ ಅದರ ಹೆಸರಿಗೆ ಹೋದೀತು, ಅತ್ತ ದೂಡಿ!” ಎಂದು ನಮ್ಮ ಮನೆಯವರು ಕೂಗಿದರು. ಸರ್ಕಾರಕ್ಕೆ ಸಂದೇಹವಿದ್ದ ನಮ್ಮ ಗುರುತು ಕರಿಯನಿಗೆ ಎಂದೂ ಸಂದೇಹವಾಗಿರಲಿಲ್ಲ. ಕಡೂರಿನಿಂದ ಕೊನೆಯ ಬಸ್ಸಿನಲ್ಲಿ, ಕತ್ತಲಲ್ಲಿ, ಮಫ್ಲರ್ ಸುತ್ತಿಕೊಂಡು ಇಳಿದರೂ ನಮ್ಮ ಹೆಜ್ಜೆಯ ಸಪ್ಪಳಕ್ಕೇ ಅದು ಓಡಿಬರುತ್ತಿತ್ತು.

ಅಂಥ ಜಾಣ ನಾಯಿಗೆ ಒಂದು ದೋಷವಿತ್ತು. ಹೆಲ್ಮೆಟ್ ಧರಿಸಿದವರೂ ಮನುಷ್ಯರೆಂಬುದನ್ನು ಅದು ಒಪ್ಪುತ್ತಿರಲಿಲ್ಲ. ಈ ಕಾಲದಲ್ಲಿ ಊರಿನ ಬಾಗಿಲಿಗೆ ಬರುವ ಎಲ್ಲವೂ ಹೆಲ್ಮೆಟ್ ಧರಿಸಿಯೇ ಬರುತ್ತದೆ. ಮೊಮ್ಮಗ ಬೆಂಗಳೂರಿನಲ್ಲಿ ಕುಳಿತು ಮೊಬೈಲು ಒತ್ತಿದರೆ ಮೂರನೆಯ ದಿನ ನಮ್ಮ ಜಗಲಿಗೆ ಪೊಟ್ಟಣ ಬಂದು ಬೀಳುತ್ತದೆ. ಪೊಟ್ಟಣ ತರುವ ಹುಡುಗ ಗೇಟಿನ ಹೊರಗೇ ನಿಂತು, “ಓಟಿಪಿ ಹೇಳಿ ಸಾರ್” ಎನ್ನುತ್ತಿದ್ದ, ನಾವು ಕನ್ನಡಕ ಹುಡುಕುತ್ತಿದ್ದೆವು, ಕರಿಯ ಬೊಗಳುತ್ತಿತ್ತು. ಬೊಗಳುವ ನಾಯಿ ಕಚ್ಚುವುದಿಲ್ಲವೆಂದು ನಾವು ಗಾದೆ ಹೇಳಿ ಧೈರ್ಯ ತುಂಬುತ್ತಿದ್ದೆವು. ಗಾದೆ ನಮಗೆ ಗೊತ್ತಿತ್ತು, ಹುಡುಗನಿಗೂ ಗೊತ್ತಿತ್ತು. ಕರಿಯನಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಆ ದಿನ ಹುಡುಗ ಗೇಟು ತೆರೆದು ಒಳಗೆ ಎರಡು ಹೆಜ್ಜೆ ಇಟ್ಟ. ಕರಿಯ ಮೀನಖಂಡಕ್ಕೆ ಬಾಯಿ ಹಾಕಿತು. ಪ್ಯಾಂಟು ಹರಿದು ರಕ್ತ ಬಂದಿತು. ಕೈಯಿಂದ ಜಾರಿದ ಪೊಟ್ಟಣದಲ್ಲಿದ್ದುದು ಮೊಮ್ಮಗ ಬೂರಣ್ಣನಿಗೆಂದು ಕಳುಹಿಸಿದ ಬಿಸ್ಕತ್ತು.

ನಾಯಿ ಸಾಕಿದವರೆಲ್ಲ ಹೇಳುವ ಮಾತನ್ನೇ ನಾವೂ ಹೇಳಿದೆವು: “ಏನೂ ಆಗುವುದಿಲ್ಲಪ್ಪ, ನಮ್ಮ ಕರಿಯ ಬಹಳ ಸಾಧು.”

ಹುಡುಗನಿಗೆ ಇಪ್ಪತ್ತು ವರ್ಷವಿದ್ದೀತು. ಕಾಲು ಹಿಡಿದುಕೊಂಡು ಜಗಲಿಯ ಮೇಲೆ ಕುಳಿತು, ನಮ್ಮ ಮುಖ ನೋಡಿ ಮೆಲ್ಲಗೆ ಕೇಳಿದ: “ಇದಕ್ಕೆ ಇಂಜೆಕ್ಷನ್ ಹಾಕ್ಸಿದೀರಾ ಸಾರ್?”

ನಲವತ್ತು ವರ್ಷ ಪ್ರವಚನ ಮಾಡಿದ ನಮ್ಮ ಬಾಯಿಂದ ಆ ಪ್ರಶ್ನೆಗೆ ಉತ್ತರ ಹೊರಡಲಿಲ್ಲ. ನಡುಮನೆಯ ಮೆತ್ತೆಯ ಮೇಲೆ ಬೂರಣ್ಣ ಮಲಗಿತ್ತು. ಅದರ ಪುಸ್ತಕ ಗೂಡಿನಲ್ಲಿತ್ತು. ಕಚ್ಚಿದ ನಾಯಿಗೆ ಪುಸ್ತಕವಿರಲಿಲ್ಲ.

ನಾವು ಅರಿಶಿನ ತರಲು ಒಳಗೆ ಓಡಿದೆವು. ನಮ್ಮ ಮನೆಯವರು ತಡೆದು, “ಅರಿಶಿನ ಅಲ್ಲ, ಸೋಪು ತನ್ನಿ” ಎಂದು, ಹುಡುಗನನ್ನು ನಲ್ಲಿಯ ಕೆಳಗೆ ಕೂರಿಸಿ, ಹರಿಯುವ ನೀರಿನಲ್ಲಿ ಪೂರ್ತಿ ಹದಿನೈದು ನಿಮಿಷ ಗಾಯವನ್ನು ತೊಳೆದರು. ಇದನ್ನು ಅವರು ಎಲ್ಲಿಯೋ ಕೇಳಿ ನೆನಪಿಟ್ಟಿದ್ದರು. ನಮ್ಮ ನೆನಪಿನಲ್ಲಿ ಸೂತ್ರಗಳಿದ್ದವು, ಶಾಸನಗಳಿದ್ದವು, ಇದಿರಲಿಲ್ಲ.

ತರೀಕೆರೆಯ ಆಸ್ಪತ್ರೆಗೆ ಆಟೋದಲ್ಲಿ ಹೋದೆವು. ಬೈಕಿನಲ್ಲಿ ಉಳಿದ ಪೊಟ್ಟಣಗಳನ್ನು ನೆನೆದು ಹುಡುಗ, “ನಾಳೆ ಹೋಗ್ತೀನಿ ಸಾರ್, ಇವತ್ತಿನ ಕೂಲಿ ಹೋಗುತ್ತೆ” ಎನ್ನುತ್ತಲೇ ಇದ್ದ. ಆ ಕೂಲಿ ನಮ್ಮದೆಂದು ಹೇಳಿ ಕೂರಿಸಿದೆವು. ವೈದ್ಯರು ಗಾಯ ನೋಡಿ, ರಕ್ತ ಬಂದಿರುವುದರಿಂದ ಗಾಯದ ಸುತ್ತಲೂ ಒಂದು ಮದ್ದನ್ನು ಚುಚ್ಚಿ, ತೋಳಿಗೆ ಲಸಿಕೆ ಕೊಟ್ಟರು. ಮತ್ತೆ ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನ ತಪ್ಪದೆ ಬರಬೇಕೆಂದರು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಹಾಕುತ್ತಿದ್ದ ಕಾಲ ನಮ್ಮ ವಯಸ್ಸಿನವರಿಗೆ ನೆನಪಿದೆ. ಆ ಹಳೆಯ ಲಸಿಕೆ 2005ರ ಹೊತ್ತಿಗೇ ನಮ್ಮ ದೇಶದಲ್ಲಿ ನಿಂತಿದೆ. ಆದರೂ ಅದರ ಹೆದರಿಕೆಯಿಂದ ಇಂದಿಗೂ ಆಸ್ಪತ್ರೆಗೆ ಹೋಗದವರಿದ್ದಾರೆಂದು ವೈದ್ಯರು ಹೇಳಿದರು. 1885ರಲ್ಲಿ ಲೂಯಿ ಪಾಶ್ಚರರು ಒಂಬತ್ತು ವರ್ಷದ ಬಾಲಕನಿಗೆ ಮೊದಲ ಬಾರಿಗೆ ಕೊಟ್ಟ ಲಸಿಕೆಯ ಕಥೆಯನ್ನು ನಾವು ಮಕ್ಕಳಿಗೆ ಪಾಠ ಮಾಡಿದ್ದೆವು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪವೆಂಬುದನ್ನೂ ಹೇಳಿದ್ದೆವು. ಪಾಠವನ್ನು ಮಾಡುವುದು ಬೇರೆ, ಮನೆಗೆ ತರುವುದು ಬೇರೆ.

“ನಾಯಿಯನ್ನು ಹೊಡೆದು ಹಾಕಬೇಡಿ, ಎಲ್ಲಿಗೂ ಬಿಡಬೇಡಿ. ಹತ್ತು ದಿನ ಕಟ್ಟಿ, ಅನ್ನ ನೀರು ಕೊಟ್ಟು, ಬದಲಾವಣೆ ಕಾಣುತ್ತದೆಯೇ ನೋಡಿ” ಎಂದರು ವೈದ್ಯರು. ಹತ್ತು ದಿನ ನೋಡಿ ಆಮೇಲೆ ಚುಚ್ಚಿಸಿದರಾಯಿತೆಂದು ಕಾಯುವುದು ಅಪಾಯವೆಂದೂ ಎಚ್ಚರಿಸಿದರು.

ಆ ಹತ್ತು ದಿನ ಕರಿಯ ನಮ್ಮ ಮನೆಯ ಮುಖ್ಯ ವ್ಯಕ್ತಿಯಾಯಿತು. ಬೆಳಗ್ಗೆ ಎದ್ದು ಲಿಂಗಪೂಜೆಗೆ ಮೊದಲು ನಾವು ಕೊಟ್ಟಿಗೆಗೆ ಹೋಗಿ ಅದರ ಮುಖ ನೋಡುತ್ತಿದ್ದೆವು. ಜೊಲ್ಲು ಸುರಿಯುತ್ತಿದೆಯೇ? ನೀರು ಕುಡಿಯಿತೇ? ಬೊಗಳುವ ದನಿ ಬದಲಾಗಿದೆಯೇ? ಐದು ವರ್ಷಗಳಲ್ಲಿ ಒಮ್ಮೆಯೂ ಅದರ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಎಡಗಣ್ಣಿನ ಮೇಲೆ ಒಂದು ಹಳೆಯ ಗಾಯದ ಕಲೆಯಿರುವುದು ಆಗ ತಿಳಿಯಿತು.

ಮೂರನೆಯ ದಿನ ಹುಡುಗನಿಗೆ ಎರಡನೆಯ ಲಸಿಕೆಯಾದ ಮೇಲೆ ಅವನ ಮನೆಗೆ ಹೋದೆವು. ಕಡೂರಿನ ಅಂಚಿನಲ್ಲಿ, ತೆಂಗಿನ ತೋಟಗಳ ಆಚೆ, ಎರಡು ಅಂಕಣದ ಮನೆ. ಅವನ ತಾಯಿ ಜಗಳಕ್ಕೆ ನಿಂತಾರೆಂದು ಮಾತುಗಳನ್ನು ಜೋಡಿಸಿಕೊಂಡು ಹೋಗಿದ್ದೆವು. ಆ ತಾಯಿ ಚಾಪೆ ಹಾಸಿ, ನೀರು ಕೊಟ್ಟು, ಕೇಳಿದ್ದು ಒಂದೇ ಮಾತು: “ನಾಯಿ ಹೆಂಗೈತೆ ಮೇಷ್ಟ್ರೇ?”

ನಮ್ಮ ಗಂಟಲು ಕಟ್ಟಿತು. ‘ಸುಮ್ಮನೆ ನಾಯಿ’ಯ ಯೋಗಕ್ಷೇಮವನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಕೇಳಿದವರಿಗೆ ಅದು ಮಗನ ಯೋಗಕ್ಷೇಮವೇ ಆಗಿತ್ತು. ಅಂದಿನಿಂದ ಪ್ರತಿ ಸಂಜೆ ಅವರ ಫೋನು ಬರುತ್ತಿತ್ತು. “ಉಂಡಿತಾ?” “ಎರಡು ಮುದ್ದೆ ಉಂಡಿತಮ್ಮ.” “ನೀರು ಕುಡೀತಾ?” “ಕುಡಿಯಿತಮ್ಮ.” “ಬಸವಣ್ಣ ಕಾಪಾಡ್ಲಿ.” ಅಷ್ಟೇ ಮಾತು. ಹುಡುಗ ಎರಡು ದಿನ ಬಿಟ್ಟು ಮತ್ತೆ ಕೆಲಸಕ್ಕೆ ಹೊರಟಿದ್ದ.

ಏಳನೆಯ ದಿನ ಕರಿಯ ಮುದ್ದೆ ಮುಟ್ಟಲಿಲ್ಲ. ನೀರನ್ನೂ ಮೂಸಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿ ನರಳುತ್ತಿತ್ತು. ನಮ್ಮ ಕೈಕಾಲು ತಣ್ಣಗಾದವು. ನಮ್ಮ ಮನೆಯವರು ಮಾತಿಲ್ಲದೆ ದೇವರ ಮನೆಗೆ ಹೋದರು. ಸಂಜೆಯ ಫೋನಿಗೆ ಏನು ಹೇಳುವುದು? ಪಶುವೈದ್ಯರಿಗೆ ಫೋನು ಮಾಡಿ, ಅವರು ಬರುವವರೆಗೆ ಅಂಗಳದಲ್ಲಿ ಶತಪಥ ಹಾಕಿದೆವು. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿ ಬಂದು ಅಳುಕುತ್ತ ಒಪ್ಪಿಕೊಂಡಳು. ಹಿಂದಿನ ರಾತ್ರಿ ಅವರ ಮನೆಯ ಗೃಹಪ್ರವೇಶದಲ್ಲಿ ಮಿಕ್ಕ ಹೋಳಿಗೆಗಳನ್ನು, ಕಟ್ಟಿಹಾಕಿದ ಕರಿಯನ ಮೇಲಿನ ಕನಿಕರದಿಂದ, ಒಂದು ಬುಟ್ಟಿ ತಂದು ಸುರಿದಿದ್ದಳಂತೆ. ಸ್ವಲ್ಪ ಹೊತ್ತಿಗೆ ಕರಿಯ ಎದ್ದು ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿ, ಒಂದು ಬೋಗುಣಿ ನೀರು ಕುಡಿದು, ಬಾಲ ಅಲ್ಲಾಡಿಸಿತು. ಹೋಳಿಗೆಯ ಅಜೀರ್ಣವನ್ನು ಕಂಡು ಅಷ್ಟು ಸಂತೋಷಪಟ್ಟ ಮನೆ ಇನ್ನೊಂದಿರಲಾರದು.

ಹತ್ತನೆಯ ದಿನ ಕಳೆಯಿತು. ಕರಿಯ ಆರೋಗ್ಯದಿಂದಿತ್ತು. ಆದರೂ ಹುಡುಗನಿಗೆ ಇಪ್ಪತ್ತೆಂಟನೆಯ ದಿನದ ಲಸಿಕೆಯನ್ನೂ ನಾವೇ ಕರೆದೊಯ್ದು ಹಾಕಿಸಿದೆವು.

ಅಪಾಯ ತಪ್ಪಿತು, ಪ್ರಶ್ನೆ ತಪ್ಪಲಿಲ್ಲ. 2025ರ ಆಗಸ್ಟ್ ತಿಂಗಳಲ್ಲಿ ಬೀದಿನಾಯಿಗಳ ವಿಷಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ ದೇಶವೆಲ್ಲ ಎರಡು ಪಕ್ಷವಾಯಿತು. ಅನ್ನ ಹಾಕುವವರದು ಒಂದು, ಕಲ್ಲು ಬೀಸುವವರದು ಇನ್ನೊಂದು. ನಾವು ಅನ್ನದ ಪಕ್ಷದವರೆಂದು ಹೆಮ್ಮೆಪಟ್ಟುಕೊಂಡಿದ್ದೆವು. ಆದರೆ ಅನ್ನ ಹಾಕಿದ ಕೈಗೆ ಆ ನಾಯಿಯ ಹಲ್ಲಿನ ಹೊಣೆಯೂ ಸೇರುತ್ತದೆ. ಲಸಿಕೆಯಿಲ್ಲದ ನಾಯಿಗೆ ಹಾಕಿದ ತುತ್ತಿನ ಬೆಲೆಯನ್ನು, ಹೊಟ್ಟೆಪಾಡಿಗಾಗಿ ನಮ್ಮ ಗೇಟು ತೆರೆಯುವ ಯಾರದೋ ಮಗ ತೆರಬೇಕಾಗಿ ಬಂದರೆ ಅದು ದಾಸೋಹವಾಗುವುದಿಲ್ಲ. ಹುಟ್ಟಿನಿಂದ ಮೇಲು ಕೀಳಿಲ್ಲವೆಂದು ಸಾರುತ್ತ ಬಂದ ನಾವು, ಒಂದೇ ಅಂಗಳದಲ್ಲಿ ಎರಡು ನಾಯಿಗಳಿಗೆ ಎರಡು ಕುಲ ಮಾಡಿ ಇಟ್ಟಿದ್ದೆವು. ಒಂದಕ್ಕೆ ದಾಖಲೆ, ಇನ್ನೊಂದಕ್ಕೆ ಎಂಜಲು. ಕಚ್ಚಿದ್ದು ಕರಿಯನ ಹಲ್ಲು. ತಪ್ಪು ನಮ್ಮ ಮನೆಯ ಪಂಕ್ತಿಭೇದದ್ದು.

ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ತಮ್ಮ ಕೊಟ್ಟಿಗೆಯಲ್ಲಿ, ಕಣದಲ್ಲಿ, ಮಠ ಗುಡಿಗಳ ಹಿತ್ತಲಲ್ಲಿ ಇರುವ ‘ಸುಮ್ಮನೆ ನಾಯಿ’ಗಳಿಗೂ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿ. ಯಾರಿಗಾದರೂ ನಾಯಿ ಕಚ್ಚಿದರೆ, ಮರಿಯೇ ಆಗಲಿ, ಸಾಧುವೇ ಆಗಲಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಅರಿಶಿನ, ಸುಣ್ಣ, ಮೆಣಸಿನಪುಡಿಗಳನ್ನು ಅಡುಗೆಮನೆಯಲ್ಲಿಯೇ ಬಿಡಿ.

ಹನ್ನೊಂದನೆಯ ದಿನ ಕರಿಯನನ್ನು ಗೂಡ್ಸ್ ಆಟೋದಲ್ಲಿ ಕೂರಿಸಿಕೊಂಡು ಅಜ್ಜಂಪುರದ ಪಶು ಆಸ್ಪತ್ರೆಗೆ ಹೋದೆವು. ಬೂರಣ್ಣ ಅಂದು ಕಾರಿನಲ್ಲಿ ಬಂದ ಹಾಗೆಯೇ ಇದೂ ತಲೆ ಹೊರಗೆ ಹಾಕಿ ಊರನ್ನೆಲ್ಲ ನೋಡುತ್ತಿತ್ತು. ಅಲ್ಲಿನ ಸಹಾಯಕರು ಹೊಸ ಪುಸ್ತಕ ತೆರೆದು, ನಾಯಿಯ ಹೆಸರು ಕೇಳಿದರು. ಹೇಳಿದೆವು. ವಯಸ್ಸು ಕೇಳಿದರು. ಅಂದಾಜು ಹೇಳಿದೆವು. ಆಮೇಲೆ ತಲೆಯೆತ್ತದೆ, “ಯಾವ ಜಾತಿ?” ಎಂದರು.

ನಾವು ತುಸು ಯೋಚಿಸಿ, “ನಮ್ಮವನು ಎಂದು ಬರೆದುಕೊಳ್ಳಿ” ಎಂದೆವು.

ಅವರು ಒಮ್ಮೆ ನಮ್ಮ ಹಣೆಯ ವಿಭೂತಿಯನ್ನೂ ಒಮ್ಮೆ ಕರಿಯನನ್ನೂ ನೋಡಿ ನಕ್ಕು, ‘ನಾಟಿ’ ಎಂದು ಬರೆದುಕೊಂಡರು. ಆ ಪುಸ್ತಕ ಈಗ ಬೂರಣ್ಣನ ಪುಸ್ತಕದ ಪಕ್ಕದಲ್ಲಿ, ಪಂಚಾಂಗದ ಗೂಡಿನಲ್ಲಿದೆ. ಗೇಟಿಗೆ ಚಿಲಕ ಹಾ‌ಕಿಸಿದ್ದೇವೆ. ಹುಡುಗ ಈಗಲೂ ಪೊಟ್ಟಣ ತರುತ್ತಾನೆ. ಗೇಟಿನ ಹೊರಗೆ ಹೆಲ್ಮೆಟ್ ತೆಗೆದು ನಿಂತು, ಓಟಿಪಿ ಕೇಳುವ ಮೊದಲು, “ಕರಿಯ ಹೆಂಗೈತೆ ಸಾರ್?” ಎಂದು ವಿಚಾರಿಸುತ್ತಾನೆ.